ಹೊಗೆಕೊಳವೆಯ ಕಾವಲುಗಾರ

ಉಮರ್ಗಾ, ನಿಲಂಗಾ, ಉದಗೀರಗಳ ನಡುವೆ ಕಾರಿನಲ್ಲಿ ಓಡಾಡುವ ನಮಗೆ ಪೆಟ್ರೋಲಿನ ಖರ್ಚೇ ದೊಡ್ಡ ಚಿಂತೆ. ಗಾಡಿಯು ಹೆಚ್ಚು ಇಂಧನ ಕುಡಿಯತೊಡಗಿ ಎಂಜಿನ್ ದೀಪ ಉರಿದರೆ ಆಕ್ಸಿಜನ್ ಸೆನ್ಸರ್ ಸವೆದಿರಬಹುದು. 1976ರಲ್ಲಿ ಬಾಷ್ ಸಂಸ್ಥೆ ಬಳಕೆಗೆ ತಂದ ಈ ಸಾಧನವು ಹೊಗೆಯಲ್ಲುಳಿದ ಆಮ್ಲಜನಕವನ್ನು ಅಳೆದು, ಇಂಧನದ ಪ್ರಮಾಣವನ್ನು ತಿದ್ದಲು ನೆರವಾಗುತ್ತದೆ.

ದೀಪ ಕಂಡೊಡನೆ ಹೊಸದನ್ನು ಕೊಳ್ಳುವುದು ಬೇಡ. ವೈರು ಹರಿದಿದೆಯೇ, ಕೊಳವೆ ಸೋರುತ್ತಿದೆಯೇ ಎಂದು ಮೊದಲು ನೋಡೋಣ. ಬದಲಿಸುವುದೇ ಆದರೆ ಎಂಜಿನ್ ಉಗುರುಬೆಚ್ಚಗಾಗುವವರೆಗೆ ತಾಳಿ, ಬ್ಯಾಟರಿಯ ನೆಗೆಟಿವ್ ವೈರು ಕಳಚಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸಾಮಾನ್ಯವಾಗಿ 22 ಮಿ.ಮೀ. ಪಾನಾದಿಂದ ಬಿಚ್ಚಬಹುದು. ಹೊಸದರ ತುದಿಗೆ ಗ್ರೀಸು ತಾಗಬಾರದು. ಬರಿಯ ಜಾಕಿಯನ್ನು ನಂಬಿ ಗಾಡಿಯಡಿ ನುಸುಳುವುದಂತೂ ಸಲ್ಲದು. ಅಗ್ಗದ ದುರಸ್ತಿ ಜೀವಕ್ಕೆ ದುಬಾರಿಯಾಗದಿರಲಿ ಎಂಬುದೇ ನಮ್ಮ ಕಳಕಳಿ.