ಮನೆ ಬಾಡಿಗೆಗಿದೆ, ಎಲ್ಲರಿಗೂ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಮನೆ ಮಾಲೀಕರಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ, ಶಾಲಾ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಮನವಿ

ಮಾನ್ಯರೆ,

ನಾವು ಕೇಳುವುದು ಇಷ್ಟೆ. ಮನೆ ನೋಡಲು ಬಂದವರನ್ನು "ನೀವು ಯಾವ ಜನ?" ಎಂದು ಕೇಳಬೇಡಿ. ಬೋರ್ಡಿನ ಮೇಲೆ "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬರೆಸಬೇಡಿ. ತಿಂಗಳು ತಿಂಗಳು ಬಾಡಿಗೆ ಕೊಡುವ ಶಕ್ತಿ ಇದೆಯೆ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆಯೆ, ಹಿಂದಿನ ಮಾಲೀಕರು ಏನು ಹೇಳುತ್ತಾರೆ, ಇವನ್ನೆಲ್ಲ ಧಾರಾಳವಾಗಿ ವಿಚಾರಿಸಿ. ಹೆಸರು ಕೇಳಿದ ಮೇಲೆ ಮನೆ ಇಲ್ಲ ಎನ್ನಬೇಡಿ.

ಇದನ್ನು ಈಗ ಹೇಳುತ್ತಿರುವುದಕ್ಕೆ ಕಾರಣವಿದೆ. ವರ್ಗಾವಣೆ ಆದೇಶ ಕೈಗೆ ಬಂದು, ಮಕ್ಕಳ ಪರೀಕ್ಷೆ ಮುಗಿದು, ಮೇ ಕೊನೆಗೆ ಶಾಲೆ ಮತ್ತೆ ತೆರೆಯುವುದರೊಳಗೆ ಹೊಸದಾಗಿ ಬರುವ ಸಂಸಾರ ಮನೆಯನ್ನೂ ಶಾಲೆಯನ್ನೂ ಹುಡುಕಿಕೊಳ್ಳಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಓಡಲು ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರೂ ರಾಗಿಗುಡ್ಡ, ಬಿಟಿಎಂ ಸುತ್ತ ಮನೆ ಕೇಳುತ್ತಿದ್ದಾರೆ. ಕಲಬುರಗಿಯಿಂದ ಬ್ಯಾಂಕಿನವರು, ಮಂಗಳೂರಿನಿಂದ ನರ್ಸ್, ಚಾಮರಾಜನಗರದಿಂದ ಮೇಷ್ಟ್ರು, ಇಂಫಾಲದಿಂದ ಸಾಫ್ಟ್‌ವೇರ್ ದಂಪತಿ, ಹೀಗೆ ಎಲ್ಲೆಲ್ಲಿಂದಲೋ ಬರುತ್ತಾರೆ.

ಫೋನಿನಲ್ಲಿ ನಡೆಯುವ ಮಾತು ನಿಮಗೆಲ್ಲ ಗೊತ್ತಿರುವುದೆ. ಎರಡು ಬೆಡ್‌ರೂಮು, ಮೊದಲನೇ ಮಹಡಿ, ಕಾವೇರಿ ಇದೆ, ಬೋರೂ ಇದೆ, ಸ್ಕೂಟರ್ ಗೇಟಿನೊಳಗೇ ನಿಲ್ಲಿಸಬಹುದು, ಸಂಜೆ ಬಂದು ನೋಡಿ ಸಾರ್. "ತಮ್ಮ ಹೆಸರು?" ಹೆಸರು ಹೇಳುತ್ತಾರೆ. ಆ ಕಡೆಯ ದನಿ ಬದಲಾಗುತ್ತದೆ. "ಅದೇನಾಗಿದೆ ಅಂದ್ರೆ ಸಾರ್, ನಮ್ಮ ತಂಗಿ ಮಗ ಬರೋ ಹಾಗಿದೆ. ವಿಚಾರಿಸಿ ಹೇಳ್ತೀನಿ." ತಂಗಿ ಮಗ ಬರುವುದಿಲ್ಲ. ಬೋರ್ಡು ಮುಂದಿನ ತಿಂಗಳೂ ಅಲ್ಲೇ ತೂಗುತ್ತಿರುತ್ತದೆ. ಹೆಸರಿನಿಂದ ಏನೂ ತಿಳಿಯದಿದ್ದರೆ ಸುತ್ತಿ ಬಳಸಿ ಕೇಳುವುದಿದೆ: "ನಿಮ್ಮ ಸ್ವಂತ ಊರು ಯಾವ್ದು? ಮನೆದೇವರು ಯಾವ್ದು?" ದಲಿತ ಕುಟುಂಬಕ್ಕೆ ಈ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಮೊದಲ ಮಾತಿಗೇ ಗೊತ್ತಾಗುತ್ತದೆ.

ಎಷ್ಟೋ ಸಲ ಬ್ರೋಕರೇ ಕೆಲಸ ಮುಗಿಸಿಬಿಡುತ್ತಾನೆ. "ನಿಮಗೆ ಆ ಬ್ಲಾಕಲ್ಲಿ ಸಿಗಲ್ಲ ಸಾರ್, ಸುಮ್ನೆ ಓಡಾಟ. ಗುರಪ್ಪನಪಾಳ್ಯ ನೋಡೋಣ, ತಿಲಕ್‌ನಗರ ನೋಡೋಣ. ಇಲ್ದಿದ್ರೆ ಯಾರಬ್‌ನಗರ, ಇಲಿಯಾಸ್‌ನಗರ." ಆ ಬಡಾವಣೆಗಳಲ್ಲಿ ಇಷ್ಟಪಟ್ಟು ಬಾಳುತ್ತಿರುವ ಸಾವಿರಾರು ಸಂಸಾರಗಳಿವೆ, ಅವನ್ನು ಕೀಳಾಗಿ ಕಾಣುವ ಮಾತು ಇಲ್ಲಿಲ್ಲ. ರಂಜಾನ್ ತಿಂಗಳಲ್ಲಿ ಮಸೀದಿ ಹತ್ತಿರವಿರಲಿ ಎನ್ನುವುದು, ಮಠದ ಹತ್ತಿರ ಮನೆ ಬೇಕು ಎನ್ನುವಷ್ಟೇ ಸಹಜ. ಆದರೆ ಗೇಟಿನಿಂದ ಗೇಟಿಗೆ ಇಲ್ಲ ಎನಿಸಿಕೊಂಡು ಕೊನೆಗೆ ಹೋಗಿ ಸೇರಿದ ಜಾಗವನ್ನು ಅವರ ಆಯ್ಕೆ ಎನ್ನಲಾಗದು. "ಅವರು ಅವರವರೇ ಒಟ್ಟಿಗೆ ಇರೋಕೆ ಇಷ್ಟಪಡ್ತಾರೆ" ಎಂದು ನಾವು ಹೇಳುತ್ತೇವಲ್ಲ, ಅದಕ್ಕೂ ಮೊದಲು ಎಷ್ಟು ಬಾಗಿಲು ಮುಚ್ಚಿದ್ದೆವು ಎಂಬ ಲೆಕ್ಕ ಯಾರೂ ಇಟ್ಟಿಲ್ಲ. ಮುಸ್ಲಿಮರಿಗೆ ನಗರಗಳಲ್ಲಿ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಕಷ್ಟವಾಗಿದೆ ಎಂದು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತ್ತು. ದೇಶದ ಸುಮಾರು 15 ಲಕ್ಷ ನೆರೆಹೊರೆಗಳನ್ನು ಪರಿಶೀಲಿಸಿ 2023ರಲ್ಲಿ ಹೊರಬಂದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು, ಶೇ. 26ರಷ್ಟು ಮುಸ್ಲಿಮರು ಮುಸ್ಲಿಮರೇ ಶೇ. 80ಕ್ಕಿಂತ ಹೆಚ್ಚಿರುವ ಕಡೆ ಬದುಕುತ್ತಿದ್ದಾರೆ ಎಂದು ಕಂಡುಕೊಂಡಿತು. ಪರಿಶಿಷ್ಟ ಜಾತಿಯವರಲ್ಲಿ ಆ ಪ್ರಮಾಣ ಶೇ. 17. ಶಾಲೆ, ಆಸ್ಪತ್ರೆಯಂಥ ಸರ್ಕಾರಿ ಸೌಕರ್ಯ ಇಂಥ ಕಡೆಗಳಲ್ಲೇ ಕಡಿಮೆ ಎಂಬುದೂ ಅದರಲ್ಲಿದೆ.

ಮನೆ ಕೈತಪ್ಪಿದರೆ ಶಾಲೆಯೂ ಕೈತಪ್ಪುವುದು ಹೀಗೆ. ನಾಲ್ಕನೇ ಬ್ಲಾಕಿನ ಶಾಲೆಯಲ್ಲಿ ಸೀಟು ಸಿಕ್ಕಿರುತ್ತದೆ, ನಡೆದು ಹೋಗುವಷ್ಟು ದೂರದಲ್ಲಿ ಖಾಲಿ ಮನೆಯೂ ಇರುತ್ತದೆ. ಆ ಮನೆ ಸಿಗುವುದಿಲ್ಲ. ಆರು ವರ್ಷದ ಮಗು ಬೆಳಗ್ಗೆ ಏಳಕ್ಕೆ ವ್ಯಾನು ಹತ್ತಿ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂರಬೇಕು, ಇಲ್ಲವೆ ಅಪ್ಪ ಅಮ್ಮ ಆ ಶಾಲೆಯ ಆಸೆ ಬಿಡಬೇಕು.

ನಮ್ಮ ಬಡಾವಣೆಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಇದಲ್ಲ. ಹಳೇ ಬೆಂಗಳೂರಿನ ಪೇಟೆಗಳಿಗೆ ಕುಲಕಸುಬಿನ ಹೆಸರು: ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಬಂದದ್ದು ಬರೀ ಅಂಕಿ: ಇಷ್ಟನೇ ಬ್ಲಾಕು, ಇಷ್ಟನೇ ಮೇನು, ಇಷ್ಟನೇ ಕ್ರಾಸು. ಅಂಚೆಯಣ್ಣನಿಗೆ ನಿಮ್ಮ ಜಾತಿ ತಿಳಿಯದೆ ಕಾಗದ ತಲುಪಿಸಲು ಸಾಧ್ಯವಾಯಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಸೇರಿ ಬಿಟಿಎಂ ಆಯಿತು. ಸಾರಕ್ಕಿ, ಯಡಿಯೂರು, ಕದಿರೇನಹಳ್ಳಿಗಳ ಹೊಲಗದ್ದೆಗಳ ಮೇಲೆ ನಾವಿಂದು ಮನೆ ಕಟ್ಟಿಕೊಂಡಿದ್ದೇವೆ. ಎಚ್‌ಎಂಟಿಗೋ ಎಜಿ ಆಫೀಸಿಗೋ ಸಚಿವಾಲಯಕ್ಕೋ ಕೆಲಸಕ್ಕೆಂದು ತುಮಕೂರು, ಹಾಸನ, ಶಿವಮೊಗ್ಗಗಳಿಂದ ಟ್ರಂಕು ಹೊತ್ತು ಬಂದು ಸೈಟು ಮಾಡಿದವರ ಮಕ್ಕಳು ನಾವು. ಅವರಿಗೂ ಆಗ ಯಾರೋ ಮನೆ ಬಾಡಿಗೆಗೆ ಕೊಟ್ಟಿದ್ದರು.

ಪ್ರತಿ ರಾಜ್ಯೋತ್ಸವಕ್ಕೆ ನಮ್ಮ ಮೈದಾನಗಳಲ್ಲಿ ಮೊಳಗುವ 'ನಿತ್ಯೋತ್ಸವ'ವನ್ನು ಬರೆದ ಕೆ.ಎಸ್. ನಿಸಾರ್ ಅಹಮದ್ ಅವರು ದೇವನಹಳ್ಳಿಯಲ್ಲಿ ಹುಟ್ಟಿದವರು. ಬನಶಂಕರಿಗೆ ಅಂಟಿಕೊಂಡ ಪದ್ಮನಾಭನಗರದಲ್ಲಿ ಬಾಳಿ 2020ರ ಮೇ 3ರಂದು ಅಲ್ಲೇ ತೀರಿಕೊಂಡರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಬಾನು ಮುಷ್ತಾಕ್ ಹಾಸನದವರು. ಇಬ್ಬರನ್ನೂ ನಮ್ಮವರು ಎನ್ನಲು ನಮಗೆ ಹೆಮ್ಮೆ. ಅದೇ ಹಾಸನದಿಂದ ಬಂದ, ಮನೆಯಲ್ಲಿ ಕನ್ನಡ ಪತ್ರಿಕೆ ತರಿಸುವ ಇನ್ನೊಂದು ಮುಸ್ಲಿಂ ಸಂಸಾರಕ್ಕೆ ಮಾತ್ರ ತಂಗಿ ಮಗನ ಕಥೆ ಹೇಳುವುದು ಯಾವ ಕನ್ನಡಾಭಿಮಾನ?

ಹೊರ ರಾಜ್ಯದವರ ವಿಷಯದಲ್ಲೂ ಇದೇ. ಬಂದವರು ಕನ್ನಡ ಕಲಿಯಬೇಕು ಎಂದು ಗಟ್ಟಿಯಾಗಿ ಹೇಳುತ್ತೇವೆ, ಹೇಳಲೇಬೇಕು. ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು ಕಡ್ಡಾಯ ಮಾಡುವ ಕಾಯ್ದೆ 2015ರಲ್ಲಿ ಬಂತು. ಆದರೆ ಮಗು ಕನ್ನಡ ಕಲಿಯುವುದು ಪುಸ್ತಕದಿಂದಲ್ಲ. ಕೆಳಗಿನ ಮನೆಯ ಅಜ್ಜಿ "ಬಾರೋ ಮರಿ, ಕೋಡುಬಳೆ ತಿನ್ನು" ಎಂದಾಗ ಕಲಿಯುತ್ತದೆ. ಆ ಮನೆಯನ್ನೇ ಕೊಡದಿದ್ದರೆ ಅಜ್ಜಿಯ ಕನ್ನಡ ಆ ಮಗುವಿಗೆ ಎಲ್ಲಿಂದ ಸಿಕ್ಕೀತು?

ಈಗ ನಿಮ್ಮ ಆಕ್ಷೇಪಗಳು. ಅವನ್ನು ತಳ್ಳಿಹಾಕುವುದಿಲ್ಲ.

"ಮನೆ ನನ್ನದು, ನನ್ನಿಷ್ಟ." ಮನೆ ನಿಮ್ಮದೇ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಗೋಡೆಗೆ ಮೊಳೆ ಹೊಡೆಯಬಹುದೆ, ಹನ್ನೊಂದು ತಿಂಗಳಾದ ಮೇಲೆ ಮುಂದುವರಿಸಬೇಕೆ, ಎಲ್ಲ ನಿಮ್ಮಿಷ್ಟ. ಒಬ್ಬ ಮಾಲೀಕ ಬೇಡವೆಂದರೆ ಅದು ಒಬ್ಬರ ಇಷ್ಟ. ಇಡೀ ಬೀದಿ ಒಟ್ಟಾಗಿ ಬೇಡವೆಂದರೆ ಅದು ಬಹಿಷ್ಕಾರ, ಯಾರೂ ಸಭೆ ಸೇರಿ ತೀರ್ಮಾನಿಸದಿದ್ದರೂ.

"ನಮ್ಮಮ್ಮ ಮಡಿಯವರು, ಮಾಂಸದ ವಾಸನೆ ಅವರಿಗಾಗಲ್ಲ." ಇದು ನಿಜವಾದ ಸಂಕಟ. ಒಂದೇ ಅಡುಗೆಮನೆ, ಒಂದೇ ಹಜಾರ ಇರುವ ಮನೆಯಲ್ಲಿ ಒಂದು ಕೋಣೆಯನ್ನಷ್ಟೇ ಕೊಡುವವರು ತಮ್ಮ ರೂಢಿ ಹೇಳಿಕೊಳ್ಳಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಮೆಟ್ಟಿಲು ಬೇರೆ, ಬಾಗಿಲು ಬೇರೆ, ಕರೆಂಟ್ ಮೀಟರೂ ಬೇರೆ ಇರುವ ಮೇಲಿನ ಮನೆಯ ಒಲೆಯ ಮೇಲೆ ಏನು ಬೇಯುತ್ತದೆಂಬುದು ಕೆಳಗಿನ ಮನೆಯ ಮಡಿಗೆ ಸಂಬಂಧಿಸಿದ್ದಲ್ಲ. ನೂರೈವತ್ತು ಫ್ಲ್ಯಾಟಿನ ಅಪಾರ್ಟ್‌ಮೆಂಟಿನಲ್ಲಂತೂ ಈ ಮಾತಿಗೆ ಅರ್ಥವೇ ಇಲ್ಲ. ಸಂಘ ಇರುವುದು ಲಿಫ್ಟು, ಸಂಪು, ಜನರೇಟರು ನೋಡಿಕೊಳ್ಳಲು, ಪಾತ್ರೆಯ ಮುಚ್ಚಳ ತೆಗೆದು ನೋಡಲಿಕ್ಕಲ್ಲ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ಎಷ್ಟೋ ಕಡೆ ಊಟದ ವಿಷಯವೂ ಅಲ್ಲ. ಮೊಟ್ಟೆ ತಿನ್ನುವ ಸ್ವಜಾತಿಯವರಿಗೆ ಅದೇ ಮನೆ ಸಿಗುತ್ತದೆ.

"ಪೊಲೀಸ್ ವೆರಿಫಿಕೇಶನ್ ಎಲ್ಲ ಯಾರಿಗೆ ಬೇಕು?" ಮಾಡಿಸಿ. ಎಲ್ಲ ಬಾಡಿಗೆದಾರರಿಗೂ ಒಂದೇ ಥರ ಮಾಡಿಸಿ.

ಕಾನೂನು ಏನು ಹೇಳುತ್ತದೆ? ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗೇ ಆಗಲಿ ವಾಸದ ಮನೆ ಸಿಗದಂತೆ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಶಿಕ್ಷಾರ್ಹ ಅಪರಾಧ. ದೂರಿಗೆ 14566 ಸಹಾಯವಾಣಿ ಇದೆ. ಆದರೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತಂಗಿ ಮಗನ ವಿರುದ್ಧ ಕೇಸು ಹಾಕಲಾಗದು. ಧರ್ಮದ ಕಾರಣಕ್ಕೆ ಬಾಡಿಗೆ ನಿರಾಕರಿಸುವ ಖಾಸಗಿ ಮಾಲೀಕರನ್ನು ತಡೆಯುವ ನೇರವಾದ ಕಾಯ್ದೆಯಂತೂ ನಮ್ಮಲ್ಲಿಲ್ಲ. ಒಂದೇ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಕೊಡುವ ವಸತಿ ಸಹಕಾರ ಸಂಘದ ನಿಯಮವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು.

ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವುದನ್ನು ನಿಷೇಧಿಸುವ ಕಾಯ್ದೆ ಬಂತು. ಮಾಲೀಕರೇ ವಾಸವಿರುವ ಸಣ್ಣ ಕಟ್ಟಡಗಳಿಗೆ ಅದರಲ್ಲಿ ವಿನಾಯಿತಿ ಇದೆ. ಆದರೂ ಅವರು ಜಾಹೀರಾತಿನಲ್ಲಿ "ಇಂಥವರಿಗೆ ಮಾತ್ರ" ಎಂದು ಬರೆಯುವಂತಿಲ್ಲ. ಸಿಯಾಟಲ್ ನಗರ 2023ರಲ್ಲಿ ಮನೆ ಬಾಡಿಗೆಯೂ ಸೇರಿದಂತೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ನಮ್ಮ ಬೀದಿಗಳಲ್ಲಿ ಎಷ್ಟೋ ಮನೆಗಳ ಮಗ, ಸೊಸೆ, ಮೊಮ್ಮಕ್ಕಳು ಅಲ್ಲಿದ್ದಾರೆ. ಒಳ್ಳೆಯ ಶಾಲೆ ಇರುವ ಏರಿಯಾ ಹುಡುಕಿ ಮನೆ ಹಿಡಿಯುತ್ತಾರೆ. ಹಣೆಗೆ ಕುಂಕುಮವಿಟ್ಟವರೆಂದು, ಒಗ್ಗರಣೆ ವಾಸನೆ ಬರುತ್ತದೆಂದು ಅಲ್ಲಿ ಯಾರಾದರೂ ಬಾಗಿಲು ಹಾಕಿದರೆ ಕಾನೂನು ಅವರ ಬೆನ್ನಿಗಿದೆ. ಅವರು ಅಲ್ಲಿ ಅಲ್ಪಸಂಖ್ಯಾತರು. ಅಲ್ಲಿ ಅವರಿಗೆ ಸಿಗಲಿ ಎಂದು ನಾವು ದೇವರಿಗೆ ಕೈಮುಗಿಯುವ ಮರ್ಯಾದೆ ಇಲ್ಲಿ ನಮ್ಮ ಗೇಟಿಗೆ ಬಂದವರಿಗೂ ಸಿಗಲಿ.

2012ರ ಆಗಸ್ಟ್ ನಮಗೆಲ್ಲ ನೆನಪಿದೆ. ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಸಿಟಿ ರೈಲು ನಿಲ್ದಾಣದಲ್ಲಿ ಜಮಾಯಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ, ಪೊಲೀಸರು, ಸಂಘಸಂಸ್ಥೆಗಳು ಹೋಗಬೇಡಿ ಎಂದು ಬೇಡಿಕೊಂಡರೂ ರೈಲು ತುಂಬಿತು. ಅಂಥ ರಾತ್ರಿ ಮೈಕಿನ ಮಾತನ್ನು ಯಾರೂ ನಂಬುವುದಿಲ್ಲ. ಪಕ್ಕದ ಮನೆಯವರ ಮಾತನ್ನು ನಂಬುತ್ತಾರೆ, ಪಕ್ಕದ ಮನೆ ಎಂಬುದು ಮೊದಲೇ ಇದ್ದರೆ.

ಹೊಸದಾಗಿ ಬರುತ್ತಿರುವ ಸಂಸಾರಗಳಿಗೆ ಎರಡು ಮಾತು. ಮನೆಗೆ ಮೊದಲು ಶಾಲೆ ನೋಡಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ತಿಳಿಯುವುದು ಕಡಿಮೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಯಾವ ಯಾವ ಮಕ್ಕಳು ಒಟ್ಟಿಗೆ ಹೊರಬರುತ್ತಾರೆ ನೋಡಿ, ಕಾಯುತ್ತಿರುವ ತಾಯಂದಿರನ್ನು ಮಾತಾಡಿಸಿ. ಊಟದ ಡಬ್ಬಿಗೆ ಏನು ನಿಯಮ, ಹಬ್ಬಗಳಲ್ಲಿ ಯಾವ ಯಾವುದನ್ನು ಮಾಡುತ್ತಾರೆ, ಕನ್ನಡ ಬರದ ಮಗುವಿಗೆ ಕನ್ನಡ ಮೇಷ್ಟ್ರು ಏನು ಮಾಡುತ್ತಾರೆ, ಕೇಳಿ. 2022ರ ಹಿಜಾಬ್ ವಿವಾದದ ನಂತರ ಹೆಣ್ಣುಮಕ್ಕಳ ಸಮವಸ್ತ್ರದ ಬಗ್ಗೆ ಮುಸ್ಲಿಂ ತಂದೆ ತಾಯಿ ಸೀಟಿಗೆ ಹಣ ಕಟ್ಟುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಸಂದರ್ಶನ, ಪರೀಕ್ಷೆಗಳಿಂದ ಜರಡಿ ಹಿಡಿಯುವುದು ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಕಲಮಿನ ಪ್ರಕಾರ ತಪ್ಪು. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. ಹಾಗೇನಾದರೂ ಆದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ.

ಶಾಲೆಗಳವರೆ, ನಿಮ್ಮ ಪಕ್ಕದ ಸರ್ಕಾರಿ ಶಾಲೆಗೆ ಒಂದು ದಿನ ಬಿಸಿಯೂಟದ ಹೊತ್ತಿಗೆ ಹೋಗಿ ಬನ್ನಿ. ಮೊಟ್ಟೆ ತಿನ್ನುವ ಮಗುವಿನ ತಟ್ಟೆಗೆ ಮೊಟ್ಟೆ, ತಿನ್ನದ ಮಗುವಿನ ತಟ್ಟೆಗೆ ಬಾಳೆಹಣ್ಣು. ಇಬ್ಬರೂ ಒಂದೇ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಒಂದೇ ಸಾರು ಕಲಸಿಕೊಂಡು ಉಣ್ಣುತ್ತಾರೆ. ಲಕ್ಷಾಂತರ ರೂಪಾಯಿ ಫೀಸು ಪಡೆಯುವ ನೀವು ಡಬ್ಬಿಯೊಳಗಿನ ಆಮ್ಲೆಟ್ಟನ್ನು ವಾಪಸ್ ಕಳಿಸುವುದು ಸರಿಯೆ? ಜಾತಿ, ಧರ್ಮದ ವಿವರ ಸರ್ಕಾರದ ದಾಖಲೆಗೆ, ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತದೆ ನಿಜ. ಅದನ್ನು ಸೀಟು ಕೊಟ್ಟ ಮೇಲೆ ಬರೆದುಕೊಳ್ಳಿ.

ಈ ಕರಪತ್ರವನ್ನು ಓದಿ ಪಕ್ಕದ ಮನೆಯವರಿಗೆ ಕೊಡಿ. ನಿಮ್ಮದು ಅಪಾರ್ಟ್‌ಮೆಂಟ್ ಆಗಿದ್ದರೆ, ಬೀದಿಯಲ್ಲಿ ಕ್ಷೇಮಾಭಿವೃದ್ಧಿ ಸಂಘ ಇದ್ದರೆ, ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಗೆ ಕೆಳಗಿನ ನಿರ್ಣಯವನ್ನು ಸೇರಿಸಲು ಕಾರ್ಯದರ್ಶಿಗೆ ಪತ್ರ ಬರೆಯಿರಿ. ಇಬ್ಬರ ಸಹಿ ಇದ್ದರೂ ಸಾಕು, ಚರ್ಚೆಯಾದರೂ ಆಗುತ್ತದೆ.

"ನಮ್ಮ ಸಂಘದ ವ್ಯಾಪ್ತಿಯಲ್ಲಿ ಮನೆಯನ್ನು ಬಾಡಿಗೆಗೆ, ಭೋಗ್ಯಕ್ಕೆ ಕೊಡುವಾಗ ಅಥವಾ ಮಾರುವಾಗ ಜಾತಿ, ಧರ್ಮ, ಭಾಷೆ, ಹುಟ್ಟಿದ ರಾಜ್ಯ ಅಥವಾ ಆಹಾರದ ಕಾರಣಕ್ಕೆ ಯಾರನ್ನೂ ನಿರಾಕರಿಸಬಾರದೆಂದು ಈ ಸಭೆ ಸದಸ್ಯರನ್ನು ಕೋರುತ್ತದೆ. ಸಂಘದ ಯಾವುದೇ ನಿಯಮ, ಫಲಕ ಅಥವಾ ಅರ್ಜಿ ನಮೂನೆಯಲ್ಲಿ ಇಂಥ ಷರತ್ತು ಇದ್ದರೆ ಅದನ್ನು ಇಂದಿನಿಂದಲೇ ತೆಗೆದುಹಾಕಲು ತೀರ್ಮಾನಿಸುತ್ತದೆ."

ಇಂತಿ,
ಇದೇ ಬಡಾವಣೆಗಳ ಮನೆ ಮಾಲೀಕರು ಮತ್ತು ಬಾಡಿಗೆದಾರರು