ಬಕೆಟ್ ಹಿಡಿದವರ ತಪ್ಪೇ?

'ಅಣು ವಿಚಾರ ತಜ್ಞರಿಗಿರಲಿ, ಹೆಂಗಸರಿಗೇಕೆ?' ಎನ್ನುವವರಿಗೆ ನಾನು ಜಪಾನಿನ ತೊಕೈಮುರಾವನ್ನು ನೆನಪಿಸುತ್ತೇನೆ. 1999ರ ಸೆಪ್ಟೆಂಬರ್ 30ರಂದು ಅಲ್ಲಿನ ಅಣು ಇಂಧನ ಕಾರ್ಖಾನೆಯಲ್ಲಿ ಕಾರ್ಮಿಕರು ಯುರೇನಿಯಂ ದ್ರಾವಣವನ್ನು ಸ್ಟೀಲ್ ಬಕೆಟ್ಟಿನಲ್ಲಿ ತಯಾರಿಸಿ ಅಗಲವಾದ ತೊಟ್ಟಿಗೆ ಸುರಿದರು. 2.4 ಕಿಲೋ ಮೀರಬಾರದಿದ್ದ ಯುರೇನಿಯಂ ಸುಮಾರು 16 ಕಿಲೋ ಆಗಿತ್ತು!

ಪಾತ್ರೆಯ ಆಕಾರದ ಮಹತ್ವ ನಮಗೆ ಹೇಳಿಕೊಡಬೇಕೆ? ನೀಳವಾದ ಸಣ್ಣ ಪಾತ್ರೆಯಾದರೆ ನ್ಯೂಟ್ರಾನುಗಳು ಹೊರಗೆ ಹೋಗಿಬಿಡುತ್ತವೆ. ಅಗಲವಾದದ್ದರಲ್ಲಿ ಒಳಗೇ ಉಳಿದು ಒಂದರ ಹಿಂದೊಂದು ಪರಮಾಣುವನ್ನು ಒಡೆಯುತ್ತವೆ. ಆ ಸರಪಳಿ ಕ್ರಿಯೆ ನಿಲ್ಲಲು ಸುಮಾರು 20 ಗಂಟೆ ಹಿಡಿಯಿತು. ಇಬ್ಬರು ಕಾರ್ಮಿಕರು ತಿಂಗಳುಗಟ್ಟಲೆ ನರಳಿ ಪ್ರಾಣಬಿಟ್ಟರು. ಸುತ್ತಲಿನ 3 ಲಕ್ಷಕ್ಕೂ ಹೆಚ್ಚು ಜನರಿಗೆ ಮನೆಯಿಂದ ಹೊರಬರಬೇಡಿ ಎಂದರು.

ಕಾರ್ಮಿಕರು ನಿಯಮ ಮುರಿದರಂತೆ. ಆದರೆ ಬಕೆಟ್ಟಿಗೆ ಒಪ್ಪಿಗೆ ಕೊಟ್ಟದ್ದು ಕಂಪನಿಯ ಕೈಪಿಡಿ. ಅಪಾಯವೇನೆಂದು ಅವರಿಗೆ ಸರಿಯಾಗಿ ಕಲಿಸಿದವರೂ ಇರಲಿಲ್ಲ. ಇಂಥ ಅಪಘಾತ ಆಗಲಾರದೆಂದು ನಂಬಿ ಪರವಾನಗಿ ಕೊಟ್ಟವರು ತಜ್ಞರೇ ಅಲ್ಲವೆ?

2011ರಲ್ಲಿ ಫುಕುಶಿಮಾದ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಕರಗಿ ಬಿದ್ದ ಇಂಧನದ ಆಕಾರ ಆಗ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ನವೆಂಬರಿನಲ್ಲಿ ಕ್ಸೆನಾನ್ ಅನಿಲದ ಸುಳಿವು ಸಿಕ್ಕಾಗ, ಸರಪಳಿ ಕ್ರಿಯೆ ಮತ್ತೆ ಶುರುವಾಯಿತೇನೋ ಎಂಬ ಭಯದಲ್ಲಿ ಬೋರಿಕ್ ಆಮ್ಲದ ನೀರು ಹರಿಸಿದರು. ಹಾಗೇನೂ ಆಗಿಲ್ಲವೆಂದು ಆಮೇಲೆ ತಿಳಿಯಿತು, ಪುಣ್ಯ.

ಆ ಎಚ್ಚರ ತೊಕೈಮುರಾದಲ್ಲಿ ಮೊದಲೇ ಇರಬೇಕಿತ್ತು. ಬಾಗಿಲು ಹಾಕಿಕೊಂಡು ಕೂರಬೇಕಾದವರು ನಾವು. ಒಳಗೇನು ಬೇಯುತ್ತಿದೆ ಎಂದು ಕೇಳುವ ಹಕ್ಕೂ ನಮ್ಮದೇ.