ಮಾತ್ರೆ ಉಚಿತ, ಸೂರು ಯಾರ ಹೊಣೆ?

ಎಚ್‌ಐವಿ ಕುರಿತು ನಮ್ಮಲ್ಲಿ ಎರಡೇ ಪದ ಚಲಾವಣೆಯಲ್ಲಿವೆ: ಜಾಗೃತಿ ಮತ್ತು ಅನುಕಂಪ. ಪ್ರತಿ ಡಿಸೆಂಬರ್ 1ರಂದು ಕಾಲೇಜುಗಳಲ್ಲಿ ಕೆಂಪು ರಿಬ್ಬನ್ ಹಂಚಿ, ಜಾಥಾ ನಡೆಸಿ ಎರಡರ ಲೆಕ್ಕವನ್ನೂ ಚುಕ್ತಾ ಮಾಡುತ್ತೇವೆ. ಬಾಡಿಗೆ ಮನೆಯ ಮಾತು ಮಾತ್ರ ಯಾವ ಜಾಥಾದಲ್ಲೂ ಕೇಳಿಸುವುದಿಲ್ಲ. ಟ್ರಾನ್ಸ್‌ಜೆಂಡರ್ ಸಮುದಾಯದವರು, ಲೈಂಗಿಕ ಕಾರ್ಯಕರ್ತೆಯರು, ಮಾಜಿ ದೇವದಾಸಿಯರು, ಗಂಡ ಸತ್ತ ಮೇಲೆ ಅತ್ತೆಮನೆಯಿಂದ ಹೊರಬಿದ್ದ ಹೆಂಗಸರು ಮೊದಲು ಕಳೆದುಕೊಳ್ಳುವುದು ಸೂರನ್ನು. ಚಿಕಿತ್ಸೆ ತಪ್ಪುವುದು ಆಮೇಲೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಹಾಗೆ ತಗ್ಗಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ತಪ್ಪಿಸುತ್ತ ಹೋದರೆ ವೈರಸ್ ಮತ್ತೆ ಏರುತ್ತದೆ, ಔಷಧಕ್ಕೂ ಬಗ್ಗದಂತಾಗಬಹುದು. ಅಂದರೆ ಇಡೀ ಚಿಕಿತ್ಸೆ ‘ತಪ್ಪದೆ’ ಎಂಬ ಒಂದು ಪದದ ಮೇಲೆ ನಿಂತಿದೆ. ಆ ಪದಕ್ಕೆ ಒಂದು ಕಪಾಟು ಬೇಕು, ಒಂದು ಚಿಲಕ ಬೇಕು, ಎರಡು ಹೊತ್ತಿನ ಊಟ ಬೇಕು.

ಸಂಶೋಧನೆಗಾಗಿ ಬೆಂಗಳೂರಿನಲ್ಲಿ ನಾನು ಮಾತನಾಡಿಸಿದ ಟ್ರಾನ್ಸ್ ಮಹಿಳೆಯೊಬ್ಬರು ಇದನ್ನೇ ಹೇಳಿದರು: “ನೋಡಮ್ಮಾ, ಮಾತ್ರೆ ನುಂಗೋಕೆ ಒಂದು ನಿಮಿಷ ಸಾಕು. ಡಬ್ಬಿ ಇಡೋಕೆ ಜಾಗ ಬೇಕಲ್ಲ.” ಮನೆ ಖಾಲಿ ಮಾಡಿಸಿದಾಗಲೆಲ್ಲ ಅವರು ಗೆಳತಿಯರ ಕೋಣೆಗಳಲ್ಲಿ ಮಲಗುತ್ತಿದ್ದರು. ಯಾರಾದರೂ ಓದಿಬಿಟ್ಟಾರೆಂದು ಡಬ್ಬಿಯ ಚೀಟಿ ಕಿತ್ತು, ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದರು. ಇಂಥವರನ್ನು ‘ಬೇಜವಾಬ್ದಾರಿ ರೋಗಿ’ ಎಂದು ಗದರಿಸುವುದು ಸುಲಭ.

ನಮ್ಮಲ್ಲಿ ಹಾಸಿಗೆಗಳು ಇರಲೇ ಇಲ್ಲವೆಂದಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದಲ್ಲಿ (2007–2012) ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದ ಸಮುದಾಯ ಆರೈಕೆ ಕೇಂದ್ರಗಳಿದ್ದವು. ಅಲ್ಲಿ ಕೆಲವು ದಿನ ಉಳಿದು, ಉಂಡು, ಔಷಧಕ್ಕೆ ಮೈ ಹೊಂದಿಸಿಕೊಳ್ಳಬಹುದಿತ್ತು. ನಾಲ್ಕನೇ ಹಂತದಲ್ಲಿ ಅವುಗಳ ಜಾಗಕ್ಕೆ ‘ಆರೈಕೆ ಮತ್ತು ಬೆಂಬಲ ಕೇಂದ್ರ’ಗಳು ಬಂದವು. ಇಲ್ಲಿ ಆಪ್ತಸಮಾಲೋಚನೆ ಉಂಟು, ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುವ ಕೆಲಸವುಂಟು, ಮಲಗಲು ಹಾಸಿಗೆ ಇಲ್ಲ. ಹುಡುಕಿ ತಂದವರನ್ನು ರಾತ್ರಿಗೆ ಎಲ್ಲಿಗೆ ಕಳಿಸುವುದು?

ಕಾನೂನು ಇದೆಯಲ್ಲ ಎನ್ನುತ್ತಾರೆ. ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, ಸೋಂಕಿನ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವುದನ್ನು ತಾರತಮ್ಯವೆಂದೇ ಕರೆಯುತ್ತದೆ. ಕೂಡಿ ಬಾಳಿದ ಮನೆಯಿಂದ ಹೊರಹಾಕದಂತೆ ರಕ್ಷಣೆಯನ್ನೂ ಕೊಡುತ್ತದೆ. ಆದರೆ ಯಾವ ಮನೆ ಮಾಲೀಕ ಕಾರಣ ಹೇಳುತ್ತಾನೆ? “ಮಗಳ ಮದುವೆ ಇದೆ, ಮನೆ ಬೇಕಾಗಿದೆ” ಎಂದರೆ ಮುಗಿಯಿತು. ನ್ಯಾಯಾಲಯದಲ್ಲಿ ಹೆಸರು ಮರೆಮಾಚಲು ಅವಕಾಶವಿದೆ, ಸರಿ. ಓಣಿಯಲ್ಲಿ ಮರೆಮಾಚಲು ಯಾವ ಕಲಮು ಇದೆ? ಇದೇ ಕಾಯ್ದೆ ಎಆರ್‌ಟಿ ಒದಗಿಸುವ ಹೊಣೆಗೂ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಬಾಲ ಕಟ್ಟಿದೆ. ಔಷಧಕ್ಕೇ ಹೀಗಾದರೆ ಮನೆಯನ್ನು ಕೇಳುವವರಾರು?

ಇನ್ನೊಂದು ವಾದ: ಬಡವರೆಲ್ಲರಿಗೂ ಮನೆಯಿಲ್ಲದಿರುವಾಗ ಇವರಿಗೇಕೆ ವಿಶೇಷ? ಎಲ್ಲರಿಗೂ ಮನೆ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಮನೆಯೇ ಚಿಕಿತ್ಸೆಯ ಭಾಗವಾಗಿರುವಲ್ಲಿ ಅದು ಆರೋಗ್ಯ ಇಲಾಖೆಯ ಕೆಲಸವೂ ಹೌದು. ಅಮೆರಿಕದಲ್ಲಿ 1990ರಷ್ಟು ಹಿಂದೆಯೇ ಏಡ್ಸ್ ಪೀಡಿತರ ವಸತಿಗೆಂದು ಪ್ರತ್ಯೇಕ ಕಾನೂನು ಬಂತು. ನಾವಿನ್ನೂ ರಿಬ್ಬನ್ ಕತ್ತರಿಸುತ್ತಿದ್ದೇವೆ.

ಹಾಗೆಂದು ‘ಏಡ್ಸ್ ಆಶ್ರಮ’ ಎಂಬ ಫಲಕ ಹಾಕಿ ಊರಾಚೆ ಕಟ್ಟಡ ಎಬ್ಬಿಸುವುದು ಬೇಡ. ಅದು ಹೊಸ ಹೊಲಗೇರಿಯಾದೀತು. ಜಿಲ್ಲಾ ಎಆರ್‌ಟಿ ಕೇಂದ್ರಗಳ ಹತ್ತಿರ ಕೆಲ ವಾರ ಉಳಿಯಲು ಹಾಸಿಗೆಗಳು, ಆಮೇಲೆ ಊರ ನಡುವಿನ ಸಾಮಾನ್ಯ ಮನೆಗೆ ಒಂದೆರಡು ವರ್ಷದ ಬಾಡಿಗೆ ನೆರವು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಪಡಿತರ ಚೀಟಿಗೆ ವಿಳಾಸ, ಸಮುದಾಯದವರೇ ಆದ ಒಬ್ಬ ಕಾರ್ಯಕರ್ತೆ. ಕೇಳುತ್ತಿರುವುದು ಇಷ್ಟನ್ನೇ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಒಂದು ಮಾತು. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಓದಿದೆವು, ರಂಗದ ಮೇಲೆ ನೋಡಿದೆವು, ಚಪ್ಪಾಳೆ ತಟ್ಟಿದೆವು. ವಿಚಾರ ಸಂಕಿರಣಗಳಲ್ಲಿ ‘ಅಂಚು’, ‘ದೇಹ ರಾಜಕಾರಣ’ ಎಂದು ಪ್ರಬಂಧ ಮಂಡಿಸುತ್ತೇವೆ. ಸಂಜೆ ನಾವು ಮರಳುವ ಬಾಡಿಗೆ ಮನೆಯ ಮೇಲಿನ ಮಹಡಿ ಖಾಲಿಯಿದ್ದು, ಒಬ್ಬ ಟ್ರಾನ್ಸ್ ಮಹಿಳೆ ಬಂದು ವಿಚಾರಿಸಿದರೆ, ಮಾಲೀಕರ ಮುಂದೆ ಅವರ ಪರವಾಗಿ ನಿಲ್ಲುವವರು ನಮ್ಮಲ್ಲಿ ಎಷ್ಟು ಮಂದಿ?